ಎರಡು ಪ್ಯಾಕ್

ನಮ್ಮ ಮಂಗಸೂಳಿಯ ಟಿವಿಗೆ ಗಡಿ ಅನ್ನೋದೇ ಗೊತ್ತಿರಲಿಲ್ಲ. ಹಳೇ ಕೇಬಲ್ಲಿನಲ್ಲಿ ಕನ್ನಡ, ಮರಾಠಿ ಒಟ್ಟಿಗೇ ಬರ್ತಿದ್ದವು. ಪರದೆ ತುಂಬ ಇರುವೆ ಹರಿದಂತೆ ಚುಕ್ಕಿ. ಆದರೂ ಆಯಿ ಏಳಕ್ಕೆ ಮರಾಠಿ, ಎಂಟಕ್ಕೆ ಕನ್ನಡ ಸೀರಿಯಲ್ ನೋಡ್ತಿದ್ದಳು.

ಕೇಬಲ್ ಡಿಜಿಟಲ್ ಆಗೋದು 2012ರಲ್ಲಿ ಮಹಾನಗರಗಳಿಂದ ಶುರುವಾಯಿತು. ಹಳ್ಳಿಗಳಿಗೆ ಕೊನೆಯ ಗಡುವು 2017ರ ಮಾರ್ಚ್ 31. ನಮ್ಮನೆಗೂ ಸೆಟ್‌ಟಾಪ್ ಬಾಕ್ಸ್ ಬಂತು, ಚುಕ್ಕಿ ಹೋಯಿತು. 2019ರ ಫೆಬ್ರವರಿಯಲ್ಲಿ ಟ್ರಾಯ್ ಹೊಸ ನಿಯಮ: ಬೇಕಾದ ಪೇ ಚಾನೆಲ್ ಆರಿಸಿ, ಅಷ್ಟಕ್ಕೇ ದುಡ್ಡು ಕೊಡಿ. ಬೆಂಗಳೂರಲ್ಲಿ ಕೂತ ನನಗೆ ಸರಿ ಅನ್ನಿಸಿತ್ತು.

ಊರಲ್ಲಿ ಕೇಬಲ್ ಹುಡುಗ ಕೇಳಿದನಂತೆ, "ಆಯಿ, ಕನ್ನಡ ಪ್ಯಾಕ್ ಹಾಕ್ಲ್ಯೋ, ಮರಾಠಿ ಹಾಕ್ಲ್ಯೋ? ಎರಡೂ ಅಂದ್ರ ರೊಕ್ಕ ಜಾಸ್ತಿ."

ಆಯಿ ನನಗೆ ಫೋನ್ ಮಾಡಿದಳು. "ಮಿರಜ್ ನನ್ನ ತವರು, ಮಂಗಸೂಳಿ ನನ್ನ ಮನಿ. ಯಾವ್ದು ಬಂದ್ ಮಾಡ್ಸಲೋ?"

ಎರಡಕ್ಕೂ ಫೋನಲ್ಲೇ ದುಡ್ಡು ಹಾಕಿ, ಕೆಲಸ ಮುಗೀತು ಅಂದ್ಕೊಂಡೆ.

ಹಬ್ಬಕ್ಕೆ ಹೋದಾಗ ಕಂಡೆ. ಚಿತ್ರ ಕನ್ನಡಿಯಂತಿದೆ. ಆದರೆ ಕನ್ನಡ ಒಂದು ನಂಬರಿನಲ್ಲಿ, ಮರಾಠಿ ಇನ್ನೆಲ್ಲೋ. ಅಂಕಿ ಓದಲು ಬಾರದ ಆಯಿ, ಏಳು ಗಂಟೆಗೆ ರಿಮೋಟ್ ಹಿಡಿದು ಪಕ್ಕದ ಮನೆ ಹುಡುಗನ ದಾರಿ ಕಾಯ್ತಾ ಕೂತಿದ್ದಳು.