61 ತುಂಡು ಬಟ್ಟೆ, ಎರಡು ದಿನದ ರಜೆ

ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಎಕ್ಸೆಲ್ ಶೀಟ್ ಇದೆ. ಆಫೀಸಿನದು ಅಂದ್ಕೋಬೇಡಿ, ಬಟ್ಟೆಯದು. ಯಾವ ಬಟ್ಟೆ, ಎಷ್ಟು ಮೀಟರ್, ಎಲ್ಲಿ ಕೊಂಡಿದ್ದು, ಯಾವಾಗ ಅಂತ ನಾಲ್ಕು ಕಾಲಂ. ಐದನೆಯದು ‘ಏನು ಹೊಲಿದೆ?’. ಒಟ್ಟು 61 ಸಾಲು. ಮಗಳು ಹುಟ್ಟಿದ ಮೇಲೆ ಆ ಐದನೇ ಕಾಲಂನಲ್ಲಿ ಒಂದಕ್ಷರವೂ ಬಿದ್ದಿಲ್ಲ. ಮಗಳಿಗೀಗ ನಾಲ್ಕು ವರ್ಷ.

ಚಿಕ್ಕಪೇಟೆ ಕಡೆ ಹೋದರೆ ಒಂದು ಕಟ್ ಪೀಸ್, ಕೈಮಗ್ಗದ ಮೇಳ ಬಂದರೆ ಎರಡು ಮೀಟರ್, ಆಫೀಸ್ ಕೆಲಸಕ್ಕೆ ಬೇರೆ ಊರಿಗೆ ಹೋದರೆ ಅಲ್ಲಿಂದಲೂ ಒಂದು. ಕೊಳ್ಳೋಕೆ ಹತ್ತು ನಿಮಿಷ ಸಾಕು, ಹೊಲಿಯೋಕೆ ಮಾತ್ರ ಟೈಮ್ ಇಲ್ಲ. ಮೋಟಾರಿನ ಹೊಲಿಗೆ ಮಷಿನ್ ಮೇಲೆ ಮಡಚದ ಬಟ್ಟೆಯ ರಾಶಿ ಕೂತಿರುತ್ತೆ. ನಿಮ್ಮ ಮನೆಯಲ್ಲೂ ಟ್ರೆಡ್‌ಮಿಲ್ಲೋ, ಗಿಟಾರೋ, ವೀಣೆಯೋ ಇದೇ ಸ್ಥಿತಿಯಲ್ಲಿದ್ದರೆ ನನ್ನ ಕಷ್ಟ ಅರ್ಥವಾಗುತ್ತೆ.

ಕಳೆದ ತಿಂಗಳು ಒಂದು ರೀಲ್ ನೋಡಿದೆ. ಯಾರೋ ಹಳೇ ಪೆಡಲ್ ಮಷಿನ್ನಿಗೆ ಬಣ್ಣ ಹೊಡೆಸಿ, ಮೇಲೊಂದು ಗಾಜು ಹಾಕಿ ಹಾಲ್‌ನಲ್ಲಿ ಟೇಬಲ್ ಮಾಡಿಕೊಂಡಿದ್ದರು. ನಾಗಮಂಗಲದಲ್ಲಿ ಅವ್ವನ ಮಷಿನ್ ಇದೆಯಲ್ಲ, ತಂದುಬಿಡೋಣ ಅನ್ನಿಸ್ತು. ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಬೆಂಗಳೂರು ಬಿಟ್ವಿ. ಶ್ರೀರಂಗಪಟ್ಟಣ, ಮೇಲುಕೋಟೆ ನೋಡಿಕೊಂಡು, ಕೆ.ಆರ್.ಪೇಟೆ ಹತ್ತಿರ ಗಂಡನ ಊರಲ್ಲಿ ರಾತ್ರಿ ಕಳೆದು, ಭಾನುವಾರ ನಾಗಮಂಗಲ ಅಂತ ಪ್ಲಾನ್.

ಶ್ರೀರಂಗಪಟ್ಟಣ: ಟಿಪ್ಪುವಿನ ಡೇರೆ, ಕೊಡಿಯಾಲದ ಮಗ್ಗ

ದರಿಯಾ ದೌಲತ್‌ಗೆ ಶಾಲೆಯ ಪ್ರವಾಸದಲ್ಲಿ ಬಂದಾಗ ನೋಡಿದ್ದು ಕುದುರೆ, ಆನೆ, ಫಿರಂಗಿ ಮಾತ್ರ. 1784ರಲ್ಲಿ ಕಟ್ಟಿದ ಈ ತೇಗದ ಅರಮನೆಯ ಗೋಡೆ ಮೇಲೆ ಪೊಲ್ಲಿಲೂರು ಯುದ್ಧದ ಚಿತ್ರ ಇದೆ. ಈ ಸಲ ಕಣ್ಣು ಹೋಗಿದ್ದು ಬಟ್ಟೆ ಕಡೆಗೆ. ಸೈನಿಕರ ಅಂಗಿ, ನಡುಕಟ್ಟು, ಗೋಡೆಯ ತುಂಬ ಹರಡಿದ ಹೂಬಳ್ಳಿ.

ಟಿಪ್ಪುವಿನದು ಅಂತ ಹೇಳುವ ಒಂದು ಡೇರೆ ಈಗ ಇರೋದು ವೇಲ್ಸ್‌ನ ಪೊವಿಸ್ ಕೋಟೆಯಲ್ಲಿ. ಹದಿನೆಂಟನೇ ಶತಮಾನದ, ಹೂವಿನ ಚಿತ್ತಾರದ ಹತ್ತಿ ಬಟ್ಟೆಯ ಡೇರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಆಗ ಮದ್ರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್ ಕೈ ಸೇರಿ ಅಲ್ಲಿಗೆ ಹೋಯ್ತು. ಆಮೇಲೆ ಆ ಮನೆತನದವರು ತೋಟದ ಪಾರ್ಟಿಗಳಿಗೆ ಅದನ್ನೇ ಹಾಕಿಸುತ್ತಿದ್ದರಂತೆ. ದಂಡಿನ ಜೊತೆ ಊರೂರು ಸುತ್ತಬೇಕಿದ್ದ ಬಟ್ಟೆ, ಕೊನೆಗೆ ಟೀ ಕುಡಿಯುವವರಿಗೆ ನೆರಳಾಯ್ತು. ಇದನ್ನು ಗಂಡನಿಗೆ ಹೇಳುವಾಗ ಅವ್ವನ ಮಷಿನ್ ಮೇಲಿನ ಗಾಜು ಒಂದು ಕ್ಷಣ ನೆನಪಿಗೆ ಬಂತು. ತಲೆಯಿಂದ ತೆಗೆದುಹಾಕಿದೆ.

ಅಲ್ಲಿಂದ ಕೊಡಿಯಾಲ. ಶ್ರೀರಂಗಪಟ್ಟಣ ತಾಲ್ಲೂಕಿನ ನೇಕಾರರ ಊರು, ರೇಷ್ಮೆ ಸೀರೆಗೆ ಹೆಸರು. ಪರಿಚಯದವರೊಬ್ಬರು ಹೇಳಿ ಕಳಿಸಿದ್ದ ಮನೆಗೆ ಹೋದ್ವಿ. ಅಡುಗೆಮನೆಗೆ ಅಂಟಿಕೊಂಡೇ ಮಗ್ಗ. ಮನೆಯಾಕೆ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಹಾಸಿನ ಎಳೆಗಳ ನಡುವೆ ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು. ಒಳಗೆ ಕುಕ್ಕರ್ ಕೂಗಿದಾಗ ಲಾಳಿಯನ್ನು ಅಲ್ಲೇ ಬಿಟ್ಟು ಎದ್ದು ಹೋದರು. ಬಂದು ಮತ್ತೆ ಶುರು ಮಾಡಿದರು.

“ಹಿಂಗೆ ನಡುನಡುವೆ ಎದ್ರೆ ಕೆಲಸ ಕೆಡಲ್ವಾ ಅಕ್ಕ?” ಅಂದೆ.

“ಯಾಕ್ ಕೆಡುತ್ತೆ? ನಿಲ್ಸಿದ ಕಡೆಯಿಂದ್ಲೇ ತಾನೆ ಮುಂದಕ್ಕೆ. ಮಗ್ಗ ಎಲ್ಲಿಗೂ ಓಡೋಗಲ್ಲ,” ಅಂದು ನಕ್ಕರು.

ಎರಡೂ ಕಡೆ ಅಂಚಿದ್ದ, ಬ್ಲೌಸ್ ಪೀಸ್ ಅಳತೆಯ ಒಂದು ರೇಷ್ಮೆ ತುಂಡು ಕೊಂಡೆ. ಕೆಂಪು ಒಡಲು, ಹಸಿರು ಅಂಚು. ಕಾರಲ್ಲಿ ಕೂತು ಫೋನ್ ತೆಗೆದು ಸಾಲು 62 ಸೇರಿಸಿದೆ. ಗಂಡ ಕನ್ನಡಿಯಲ್ಲಿ ನೋಡಿ ಏನೂ ಹೇಳಲಿಲ್ಲ. ಏನಾದ್ರೂ ಹೇಳಿದ್ರೇ ವಾಸಿಯಿತ್ತು.

ಪಾಂಡವಪುರ ದಾಟಿ ಮೇಲುಕೋಟೆ

ಫ್ರೆಂಚರ ದಂಡು ಬೀಡುಬಿಟ್ಟಿದ್ದ ಕಾರಣಕ್ಕೆ ಬ್ರಿಟಿಷರ ಕಾಲದಲ್ಲಿ ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಅಂತ ಕರೀತಿದ್ದರು. ಕಬ್ಬಿನ ಗದ್ದೆಗಳ ನಡುವೆ ಹೋಗಿ, ಬೆಟ್ಟ ಹತ್ತಿದರೆ ಮೇಲುಕೋಟೆ. ಚೆಲುವನಾರಾಯಣಸ್ವಾಮಿ ದರ್ಶನ, ಪುಳಿಯೋಗರೆ, ಕಲ್ಯಾಣಿಯ ಮೆಟ್ಟಿಲ ಮೇಲೆ ಮಗಳ ಹಿಂದೆ ಓಟ. ಎಲ್ಲರೂ ಮಾಡುವುದನ್ನೇ ನಾವೂ ಮಾಡಿದ್ವಿ. ಆದರೆ ಮೇಲುಕೋಟೆಗೆ ಬಟ್ಟೆಯ ಇನ್ನೊಂದು ಹೆಸರೂ ಇದೆ. ಇಲ್ಲಿನ ಕೈಮಗ್ಗದ ಪಂಚೆ ನಮ್ಮ ಕಡೆ ಮದುವೆ ಮನೆಗಳಲ್ಲಿ ಚಿರಪರಿಚಿತ. ಜಯಪ್ರಕಾಶ್ ನಾರಾಯಣರ ಜೊತೆ ಕೆಲಸ ಮಾಡಿದ್ದ ಗಾಂಧಿವಾದಿ ಸುರೇಂದ್ರ ಕೌಲಗಿ ಅವರು 1960ರಲ್ಲಿ ಇಲ್ಲಿ ಶುರು ಮಾಡಿದ ಜನಪದ ಸೇವಾ ಟ್ರಸ್ಟ್ ಖಾದಿ ಕೆಲಸಕ್ಕೂ ಹೆಸರಾದುದು.

ಖಾದಿ ಅಂದರೆ ಚರಕ ಅಷ್ಟೇ ನೆನಪಾಗುತ್ತೆ. ಆದರೆ ಗಾಂಧೀಜಿಗೆ ಹೊಲಿಗೆ ಮಷಿನ್ ಮೇಲೂ ಪ್ರೀತಿ ಇತ್ತು. ನೀವು ಎಲ್ಲ ಯಂತ್ರಗಳಿಗೂ ವಿರುದ್ಧವೇ ಅಂತ 1924ರಲ್ಲಿ ಕೇಳಿದಾಗ, ಸಿಂಗರ್ ಮಷಿನ್ ಅದಕ್ಕೆ ಹೊರತು ಅಂದಿದ್ದರು. ಹೆಂಡತಿ ಕೈಯಲ್ಲೇ ಹೊಲಿದು ದಣಿಯೋದನ್ನು ನೋಡಲಾರದೆ ಸಿಂಗರ್ ಆ ಮಷಿನ್ ಮಾಡಿದ ಅಂತ ಅವರು ಹೇಳಿದ ಕಾರಣ. ಹೆಂಗಸಿನ ಟೈಮ್ ಉಳಿಸೋಕೆ ಬಂದ ಯಂತ್ರ. ಅದು ನನ್ನ ಮನೆಯಲ್ಲಿ ಬಟ್ಟೆ ಪೇರಿಸೋ ಸ್ಟ್ಯಾಂಡ್ ಆಗಿದೆ.

ಮೇಲುಕೋಟೆಯಲ್ಲಿ ಎರಡು ಮೀಟರ್ ಖಾದಿ ಕೊಂಡೆ. ಸಾಲು 63. ಹೊಸಬರಿಗೆ ಒಂದು ಮಾತು: ಖಾದಿಯನ್ನಾಗಲಿ, ಕೈಮಗ್ಗದ ಹತ್ತಿಯನ್ನಾಗಲಿ ತಂದ ಕೂಡಲೇ ಕತ್ತರಿಸಬೇಡಿ. ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ಮೊದಲ ಒಗೆತಕ್ಕೆ ಕುಗ್ಗೋದು ಹೊಲಿಯೋ ಮುಂಚೆಯೇ ಕುಗ್ಗಿಬಿಡಲಿ.

ಕೆ.ಆರ್.ಪೇಟೆ: ನಾದಿನಿಯ ತೋಳು, ಹೊಸಹೊಳಲಿನ ಅಂಚು

ರಾತ್ರಿ ಅತ್ತೆ ಮನೆಯಲ್ಲಿ ಊಟ ಆದ ಮೇಲೆ ಬಟ್ಟೆ ಬಿಚ್ಚಿ ತೋರಿಸಿದೆ. ಗಂಡನ ಚಿಕ್ಕಪ್ಪನ ಮಗಳು ಬಂದಿದ್ದಳು. ಗಾರ್ಮೆಂಟ್ಸ್‌ನಲ್ಲಿ ಕೆಲಸ. ಬೆಳಿಗ್ಗೆ ಕತ್ತಲಿರುವಾಗಲೇ ಗಾಡಿ ಹತ್ತಬೇಕು. ಅವಳು ದಿನವಿಡೀ ಹೊಲಿಯೋದು ಶರ್ಟಿನ ತೋಳನ್ನಷ್ಟೇ. ಗಂಟೆಗೆ ಇಷ್ಟು ಅಂತ ಟಾರ್ಗೆಟ್.

“ನೀನೂ ಮನೇಲಿ ಏನಾದ್ರೂ ಹೊಲೀತೀಯಾ?” ಅಂತ ಕೇಳಿದೆ. ಕೇಳಿದ ಮೇಲೆ ನನಗೇ ಮುಜುಗರವಾಯ್ತು.

“ಅಯ್ಯೋ ಬುಡಕ್ಕ. ಮನೇಗ್ ಬಂದ್ಮೇಲೆ ಮಷಿನ್ ಸದ್ದು ಕೇಳಿದ್ರೇ ತಲೆ ಸಿಡೀತದೆ,” ಅಂದಳು. ಆಮೇಲೆ ಖಾದಿಯನ್ನು ಬೆರಳ ನಡುವೆ ಉಜ್ಜಿ ನೋಡಿ, “ಬಟ್ಟೆ ಚೆನ್ನಾಗೈತೆ. ಇದ್ರಲ್ಲಿ ಪೂರ್ತಿ ಒಂದು ಟಾಪ್ ನಾನೇ ಹೊಲ್ದು ಹಾಕ್ಕಂಡ್ರೆ ಹೆಂಗಿರತ್ತೆ” ಅಂತ ತನಗೆ ತಾನೇ ಅಂದುಕೊಂಡಳು. ಬೆಳಿಗ್ಗೆ ಹೊರಡುವಾಗ ಆ ಎರಡು ಮೀಟರ್ ಅವಳಿಗೇ ಕೊಟ್ಟೆ. ಶೀಟಿನಿಂದ ಒಂದು ಸಾಲು ಅಳಿಸಿದ್ದು ಅದೇ ಮೊದಲು.

ಕೆ.ಆರ್.ಪೇಟೆಗೆ ತೀರಾ ಹತ್ತಿರ ಹೊಸಹೊಳಲು. ಹದಿಮೂರನೇ ಶತಮಾನದ ಹೊಯ್ಸಳರ ಲಕ್ಷ್ಮೀನಾರಾಯಣ ದೇವಸ್ಥಾನ. ಬೇಲೂರು, ಹಳೇಬೀಡಿನ ಜನಜಂಗುಳಿ ಇಲ್ಲ. ಹೊರಗೋಡೆಯ ಕೆಳಗೆ ಸಾಲು ಸಾಲು ಪಟ್ಟಿಕೆಗಳು: ಆನೆ, ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಸೀರೆ ಹುಚ್ಚಿನವರು ನೋಡಿದರೆ ಅಂಚಿನ ಮೇಲೆ ಅಂಚು ಕಾಣುತ್ತೆ. ಮಗಳು ಆನೆ ಎಣಿಸುತ್ತಾ ಹೋದಳು, ನಾನು ಬಳ್ಳಿಯ ತಿರುವನ್ನು ಪುಸ್ತಕದಲ್ಲಿ ಬರೆದುಕೊಂಡೆ. “ಅಮ್ಮಾ, ಈ ಆನೆ ನನ್ನ ಲಂಗಕ್ಕೆ ಹಾಕ್ತೀಯಾ?” ಅಂದಳು. ನನಗೆ ಹೊಲಿಯೋಕೆ ಬರುತ್ತೆ ಅನ್ನೋದು ಅವಳಿಗೆ ಗೊತ್ತಿರೋದೇ ಆಲ್ಬಂ ಫೋಟೋ ನೋಡಿ. ಅವಳು ಹೊಟ್ಟೆಯಲ್ಲಿದ್ದಾಗ ನಾನೇ ಹೊಲಿದಿದ್ದ ಸಡಿಲ ಗೌನಿನ ಫೋಟೋ.

ನಾಗಮಂಗಲ: “ಶೋಗೆ ಇಡಾಕಾ?”

ಸೌಮ್ಯಕೇಶವ ದೇವಸ್ಥಾನ ಇರುವ, ಕಂಚಿನ ವಿಗ್ರಹ ಎರಕ ಹೊಯ್ಯುವವರಿಗೆ ಹೆಸರಾದ ಊರು ನಾಗಮಂಗಲ. ನನಗೆ ಮಾತ್ರ ನಾಗಮಂಗಲ ಅಂದರೆ ಪೆಡಲ್ ಸದ್ದು. ಅಪ್ಪ ಹೋದ ಮೇಲೆ ಅವ್ವ ಬ್ಲೌಸ್ ಹೊಲಿದೇ ನನ್ನನ್ನು ಇಂಜಿನಿಯರಿಂಗ್ ಓದಿಸಿದ್ದು. ಮೊದಲ ಸೆಮಿಸ್ಟರ್ ಫೀಸು ಕಟ್ಟಿದ ತಿಂಗಳು ಮದುವೆ ಸೀಸನ್. ಅವ್ವ ಎಷ್ಟು ಹೊತ್ತಿಗೆ ಮಲಗುತ್ತಿದ್ದಳೋ ನನಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಕಣ್ಣು ಮಂಜು. ಬ್ಲೌಸ್ ಬಿಟ್ಟು, ಸೀರೆಗೆ ಫಾಲ್ ಹಾಕೋದು ಮಾತ್ರ ಇಟ್ಟುಕೊಂಡಿದ್ದಾಳೆ.

ಊಟ ಆದ ಮೇಲೆ ವಿಷಯ ತೆಗೆದೆ. ರೀಲ್ ತೋರಿಸಿದೆ. ಅವ್ವ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

“ಶೋಗೆ ಇಡಾಕಾ?”

ನಾನು ಏನೋ ಹೇಳಹೋದೆ.

“ಈ ಮಷಿನ್ ಮ್ಯಾಲೆ ನೀನು ಕೂರ್ಬಾರ್ದು ಅಂತ್ಲೇ ಕಣವ್ವ ನಾನು ಕುಂತಿದ್ದು. ಈಗ ನೀನು ಕೂರಾದೂ ಇಲ್ಲ, ಅದ್ರ ಮ್ಯಾಲೆ ಹೂಕುಂಡ ಕೂರ್ಸ್ತೀನಿ ಅಂತೀಯ.” ಫೋನ್ ವಾಪಸ್ ಕೊಟ್ಟಳು. “ಒಯ್ಯೋದಾದ್ರೆ ಹೊಲ್ಯಾಕೆ ಒಯ್ಯಿ. ಇಲ್ಲಾಂದ್ರೆ ಇಲ್ಲೇ ಇರ್ಲಿ ಬುಡು.”

ಹೊಲಿಯೋಕೆ ಟೈಮ್ ಎಲ್ಲಿದೆ ಅವ್ವ ಅಂದೆ. ಗಂಟಲು ಕಟ್ಟಿತ್ತು. ಆಫೀಸು, ರಾತ್ರಿ ಕಾಲ್‌ಗಳು, ಮಗು, ಅಡುಗೆ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವ್ವ ಪೂರ್ತಿ ಕೇಳಿದಳು. “ನಂಗೆಲ್ಲಿತ್ತು ಟೈಮು?” ಅಂದಳಷ್ಟೇ. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ.

ಆಮೇಲೆ ಅಟ್ಟದಿಂದ ಒಂದು ಗಂಟು ಇಳಿಸೋಕೆ ಹೇಳಿದಳು. ಬಿಚ್ಚಿದರೆ ಬ್ಲೌಸ್ ಬಿಟ್‌ಗಳು, ನೂರಾರು. ಊರಿನ ಹೆಂಗಸರ ಮದುವೆ, ಸೀಮಂತ, ಗೃಹಪ್ರವೇಶದ ಬ್ಲೌಸ್‌ಗಳಿಂದ ಉಳಿದ ಅಂಗೈ ಅಗಲದ ತುಂಡುಗಳು. ಯಾವುದು ಯಾರದು ಅಂತ ಮುಟ್ಟಿಯೇ ಹೇಳಿದಳು. ಬಟ್ಟೆ ಹುಚ್ಚು ನನ್ನೊಬ್ಬಳದೇ ಅಂದುಕೊಂಡಿದ್ದೆ. ಅವ್ವ ನನಗಿಂತ ಮುಂಚೆಯೇ ಕೂಡಿಡೋಕೆ ಶುರು ಮಾಡಿದ್ದಳು, ದುಡ್ಡು ಕೊಡದೆ.

ನನ್ನ ಬ್ಯಾಗಿನಿಂದ ಕೊಡಿಯಾಲದ ತುಂಡು ತೆಗೆದೆ. ಮೊಮ್ಮಗಳಿಗೆ ಲಂಗ ಆಗುತ್ತಾ ಅಂತ ಕೇಳಿದೆ. 80 ಸೆಂಟಿಮೀಟರ್ ಉದ್ದ, ಸೀರೆಯ ಅಗಲ. ಅಂಚು ಕೆಳಗೆ ಬರಬೇಕು ಅಂದರೆ ಸುತ್ತಳತೆ ಸಾಲಲ್ಲ ಅಂತ ನಾನು ಕಾರಲ್ಲೇ ಲೆಕ್ಕ ಹಾಕಿ ಕೈಬಿಟ್ಟಿದ್ದೆ. ಅವ್ವ ಬಟ್ಟೆ ಹರವಿ, ಎರಡೂ ಅಂಚನ್ನು ಬೆರಳಲ್ಲಿ ತಡವಿ, ಎರಡಕ್ಕೂ ಸಮದೂರದಲ್ಲಿ ನಟ್ಟನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಅಲ್ಲಿ ಕತ್ತರಿಸಿದರೆ ಎರಡು ಪಟ್ಟಿ, ಎರಡಕ್ಕೂ ಒಂದೊಂದು ಅಂಚು. ಅಕ್ಕಪಕ್ಕ ಸೇರಿಸಿದರೆ ಸುತ್ತಳತೆ 160 ಸೆಂಟಿಮೀಟರ್, ಕೆಳಗೆ ಸುತ್ತಲೂ ಹಸಿರು. ನಾಲ್ಕು ವರ್ಷದ ಮಗುವಿಗೆ ನೆರಿಗೆ ಹಿಡಿದೂ ಮಿಗುತ್ತೆ.

ಅವಳು ಕತ್ತರಿಸಿದಳು, ನಾನು ಪೆಡಲ್ ತುಳಿದೆ. ನಾಲ್ಕು ವರ್ಷದ ಮೇಲೆ ಕಾಲಿಗೆ ಲಯ ಸಿಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಮಧ್ಯೆ ಮಗಳು ಎರಡು ಸಲ ಕರೆದಳು, ಎರಡು ಸಲವೂ ಎದ್ದು ಹೋದೆ. ವಾಪಸ್ ಬಂದಾಗ ಸೂಜಿ ನಿಂತ ಕಡೆಯೇ ಇತ್ತು. ಕೊಡಿಯಾಲದ ಅಕ್ಕನ ಲಾಳಿ ನೆನಪಾಯ್ತು.

“ರಾತ್ರಿ ಎಲ್ಲಾರೂ ಮಲ್ಗಿದ್ ಮ್ಯಾಲೆ ಕತ್ತರ್ಸಿ, ತುಂಡೆಲ್ಲ ಸೇರ್ಸಿ ಗಂಟ್ ಕಟ್ಟಿ ಇಡ್ತಿದ್ದೆ,” ಅಂದಳು ಅವ್ವ. “ಹಗಲೊತ್ತು ಯಾವಾಗ್ ಒಸಿ ಹೊತ್ತು ಸಿಕ್ತದೋ ಆವಾಗ ಒಂದು ತೋಳು. ನಲ್ಲಿ ನೀರು ಬರಗಂಟ ಹೆಮ್ಮಿಂಗು. ಕುಂತ್ ಮ್ಯಾಲೆ ಕತ್ರಿ ಹುಡ್ಕಿದ್ರೆ ಅದ್ರಲ್ಲೇ ಹೊತ್ತು ಹೋಯ್ತದೆ.”

ಸಂಜೆ ಬೆಳ್ಳೂರು ಕ್ರಾಸ್ ದಾಟಿ ಬೆಂಗಳೂರು ಕಡೆ ಬರುವಾಗ ಮಗಳು ಲಂಗ ಹಾಕಿಕೊಂಡೇ ಮಲಗಿದ್ದಳು. ಮಷಿನ್ ನಾಗಮಂಗಲದಲ್ಲೇ ಉಳೀತು. ಬಿಟ್‌ಗಳ ಗಂಟು ಮಾತ್ರ ಡಿಕ್ಕಿಯಲ್ಲಿತ್ತು.

ಈಗ

ಮಷಿನ್ ಮೇಲಿನ ಬಟ್ಟೆರಾಶಿ ಮಂಚಕ್ಕೆ ಹೋಯ್ತು. ಅದನ್ನು ಮಡಚೋದು ಗಂಡನ ಪಾಲಿಗೆ ಬಂತು. ಕೇಳಿದ ಮೇಲೆ ಬಂತು ಅನ್ನೋದನ್ನೂ ಬರೆಯಬೇಕು. ಇಷ್ಟು ದಿನ ನಾನು ಕೇಳಿರಲೇ ಇಲ್ಲ. ಭಾನುವಾರ ರಾತ್ರಿ ಒಂದು ಗಂಟೆ ಕತ್ತರಿಸೋದಕ್ಕಷ್ಟೇ. ಕತ್ತರಿಸಿದ ತುಂಡು, ಹೊಂದುವ ದಾರ, ತುಂಬಿದ ಬಾಬಿನ್ ಎಲ್ಲ ಒಂದೇ ಕವರಿನಲ್ಲಿ. ವಾರದಲ್ಲಿ ಸ್ಕೂಲ್ ವ್ಯಾನ್ ಹೋದ ಮೇಲೆ, ಮೊದಲ ಮೀಟಿಂಗಿಗೆ ಮುಂಚೆ ಹದಿನೈದು ನಿಮಿಷ ಸಿಕ್ಕರೆ ಒಂದು ಹೊಲಿಗೆ. ಸಿಗದ ದಿನ ಇಲ್ಲ. ಇದರಲ್ಲಿ ದೊಡ್ಡ ಗುಟ್ಟೇನಿಲ್ಲ. ಇಡೀ ಮಧ್ಯಾಹ್ನ ಖಾಲಿ ಸಿಗಲಿ ಅಂತ ಕಾಯೋದನ್ನು ಬಿಟ್ಟೆ ಅಷ್ಟೇ. ಹೊಸ ಬಟ್ಟೆಗೂ ಒಂದು ನಿಯಮ ಮಾಡಿಕೊಂಡೆ: ಎರಡು ಹೊಲಿದರೆ ಒಂದು ಕೊಳ್ಳಬಹುದು.

ಐದನೇ ಕಾಲಂನಲ್ಲಿ ಈಗ ಮೂರು ಸಾಲು ತುಂಬಿದೆ. ಲಂಗ, ದಿಂಬಿನ ಕವರ್, ಅವ್ವನಿಗೊಂದು ಚೀಲ. ಚೀಲಕ್ಕೆ ಅವಳದೇ ಬಿಟ್‌ಗಳ ತೇಪೆ. ಕೊರಿಯರ್ ತಲುಪಿದ ದಿನ ಫೋನ್ ಮಾಡಿದಳು. ಚೆನ್ನಾಗಿದೆ ಅಂತಾಳೆ ಅಂದುಕೊಂಡೆ.

“ಹಿಡಿ ಹತ್ರ ಒಂದೇ ಹೊಲಿಗೆ ಹಾಕಿದ್ದೀಯ,” ಅಂದಳು. “ತರಕಾರಿ ಭಾರಕ್ಕೆ ಕಿತ್ತೋಯ್ತದೆ. ನಾನೇ ಇನ್ನೊಂದು ಹೊಡ್ಕಂಡೆ, ಬುಡು.”