ಫಿಲ್ಟರಿನಲ್ಲಿ ಸಿಕ್ಕಿದ ಮೂಗುಬಟ್ಟು

ಕಲಬುರಗಿಯ ಕೋಟೆಯ ಕಂದಕದಿಂದ ಕೂಗಳತೆಯ ದೂರದಲ್ಲಿ ನಮ್ಮ ಮನೆ. ನಮ್ಮ ಅತ್ತೆಯವರ ತವರು ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಆ ಊರಿನಲ್ಲಿ ಅವರು ಹುಡುಗಿಯಾಗಿದ್ದಾಗ ಬಟ್ಟೆ ಒಗೆಯುವುದೆಂದರೆ ಬಾವಿಯ ಕಟ್ಟೆಯ ಪಕ್ಕದ ಕಲ್ಲಿನ ಮೇಲೆ. ಒಂದೊಂದು ಬಟ್ಟೆಯನ್ನೂ ಕೈ ಮುಟ್ಟಿ, ಕೊಡವಿ, ಜೇಬು ತಿರುವಿ ನೋಡಿಯೇ ನೀರಿಗೆ ಹಾಕುತ್ತಿದ್ದರಂತೆ. ಅಂಗಿಯ ಜೇಬಿನ ನಾಣ್ಯವಾಗಲಿ, ಸೆರಗಿಗೆ ಸಿಕ್ಕಿಸಿದ ಪಿನ್ನಾಗಲಿ ಕೈಗೆ ತಗಲದೆ ಹೋಗುವ ಸಂಭವವೇ ಇರಲಿಲ್ಲ.

ಅತ್ತೆಯವರ ಮೊಣಕಾಲು ನೋವು ಹೆಚ್ಚಾದ ಮೇಲೆ ನಮ್ಮ ಮನೆಗೂ ವಾಷಿಂಗ್ ಮಷೀನು ಬಂದಿತು. ಮುಂದೆ ಗಾಜಿನ ಬಾಗಿಲಿರುವ ಬಗೆಯದು. ಮನೆಗೆಲಸಕ್ಕೆ ಬರುವ ತಾಯಿ ಅದರೊಳಗೆ ಬಟ್ಟೆ ತುಂಬುವಳು, ನಾವು ಗುಂಡಿ ಒತ್ತುವೆವು. ಯಂತ್ರಕ್ಕೆ ಶಕ್ತಿಯುಂಟು, ಸಹನೆಯುಂಟು. ಆದರೆ ಮುಟ್ಟಿ ನೋಡುವ ಕೈ ಮಾತ್ರ ಅದಕ್ಕಿಲ್ಲ. ಈ ಒಂದು ಮಾತನ್ನು ನಾವು ತಡವಾಗಿ ಅರಿತೆವು. ಆ ಅರಿವಿಗೆ ತೆತ್ತ ಬೆಲೆಯನ್ನು ಓದುಗ ಸಹೋದರಿಯರ ಮುಂದೆ ಸಂಕೋಚದಿಂದಲೇ ಇಡುತ್ತಿದ್ದೇವೆ.

ಕಳೆದ ಶ್ರಾವಣ ಮಾಸದ ಒಂದು ಸೋಮವಾರ ಅತ್ತೆಯವರ ಮೂಗುಬಟ್ಟು ಕಾಣೆಯಾಯಿತು. ಬಿಳಿಯ ಹರಳಿನ ಪುಟ್ಟ ಒಡವೆ. ತೂಕದಲ್ಲಿ ಅಲ್ಪವಾದರೂ ಅದು ಅವರ ತಾಯಿ ಕಮಲಾಪುರದ ಮನೆಯಲ್ಲಿ ತಮ್ಮ ಕೈಯಾರೆ ತೊಡಿಸಿದ್ದು. ಬಚ್ಚಲು, ಹಾಸಿಗೆ, ದೇವರ ಕೋಣೆ ಎಲ್ಲವನ್ನೂ ಹುಡುಕಿದೆವು. ಶಹಾಬಾದ್ ಕಲ್ಲಿನ ನೆಲದ ಸಂದುಗಳಲ್ಲಿ ಕಡ್ಡಿ ಆಡಿಸಿ ನೋಡಿದೆವು. ಎಲ್ಲಿಯೂ ಇಲ್ಲ. ಆಗ ಮನಸ್ಸು ಸುಲಭದ ದಾರಿ ಹಿಡಿಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮನೆಗೆಲಸದ ತಾಯಿಯನ್ನು ಕರೆದು, ‘ಎಲ್ಲ್ಯಾರ ನೋಡೀ ಏನವ್ವಾ?’ ಎಂದು ಕೇಳಿದೆವು. ‘ಇಲ್ರೀ ಅಮ್ಮಾರ, ನೋಡಿಲ್ರಿ’ ಎಂದಳು. ಸಂಜೆ ಮತ್ತೊಮ್ಮೆ ಕೇಳಿದೆವು. ಮರುದಿನ ಬೆಳಿಗ್ಗೆ ಇನ್ನೊಮ್ಮೆ ಕೇಳಿದೆವು. ಮೂರನೆಯ ಸಲ ಅವಳು ಉತ್ತರಿಸಲಿಲ್ಲ. ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು ಹೋದವಳು ಅದರ ಮರುದಿನ ಬರಲಿಲ್ಲ. ಬಾರದಿದ್ದುದನ್ನೇ ನಾವು ಸಾಕ್ಷಿಯೆಂದು ಬಗೆದೆವಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಗುರುವಾರ ಯಂತ್ರ ನಿಂತಿತು. ಬಟ್ಟೆ ನೀರಿನಲ್ಲಿ ಮುಳುಗಿದೆ, ನೀರು ಹೊರಗೆ ಹೋಗದು, ಬಾಗಿಲು ತೆರೆಯದು. ಕೆಳಗಿನಿಂದ ಗರಗರನೆಂಬ ಸದ್ದು. ರಿಪೇರಿಯವರು ಬರಲು ಎರಡು ದಿನವಾಗುವುದೆಂದು ತಿಳಿಯಿತು. ಯಂತ್ರದೊಡನೆ ಬಂದಿದ್ದ ಕೈಪಿಡಿಯನ್ನು ಅಂದೇ ಮೊದಲ ಬಾರಿಗೆ ಬಿಡಿಸಿ ಓದಿದೆವು.

ಅದರಿಂದ ತಿಳಿದದ್ದನ್ನು ಇಲ್ಲಿ ಹೇಳುವುದು ಉಪಯುಕ್ತವಾದೀತು. ಬಟ್ಟೆ ತಿರುಗುವ ತೂತುಗಳುಳ್ಳ ಉಕ್ಕಿನ ಡ್ರಮ್ಮಿನ ಹೊರಗೆ ನೀರು ನಿಲ್ಲುವ ಇನ್ನೊಂದು ತೊಟ್ಟಿಯಿದೆ. ಬಾಗಿಲ ಬಳಿಯ ರಬ್ಬರಿನ ಮಡಿಕೆಗೂ ಡ್ರಮ್ಮಿಗೂ ನಡುವಿನ ಸಂದಿನಿಂದ ಪಿನ್ನು, ಗುಂಡಿ, ನಾಣ್ಯ, ಮಕ್ಕಳ ಕಾಲುಚೀಲ ಮೊದಲಾದವು ಜಾರಿ ಆ ತೊಟ್ಟಿಗೆ ಬೀಳುತ್ತವೆ. ಅಲ್ಲಿಂದ ನೀರಿನೊಡನೆ ಕೆಳಕ್ಕಿಳಿದು ಪಂಪಿನ ಮುಂದಿರುವ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತವೆ. ಪಂಪಿನ ಚಕ್ರಕ್ಕೆ ಪೆಟ್ಟಾಗದಿರಲೆಂದೇ ಈ ಏರ್ಪಾಡು. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಮುಂಭಾಗದ ಕೆಳಮೂಲೆಯ ಪುಟ್ಟ ಮುಚ್ಚಳದ ಹಿಂದೆ ಈ ಫಿಲ್ಟರು ಇರುತ್ತದೆ.

ಮೊದಲು ಸ್ವಿಚ್ಚು ಆರಿಸಿ ಪ್ಲಗ್ಗನ್ನು ಕಿತ್ತಿಡಬೇಕು. ಬಿಸಿನೀರಿನಲ್ಲಿ ಒಗೆಯುತ್ತಿದ್ದರೆ ಅದು ಆರುವ ತನಕ ಕಾಯಬೇಕು. ಅಗಲವಾದ ತಟ್ಟೆಯನ್ನೂ ಹಳೆಯ ಬಟ್ಟೆಯನ್ನೂ ಕೆಳಗಿಟ್ಟು, ಪಕ್ಕದಲ್ಲಿ ಸಣ್ಣ ಕೊಳವೆಯಿದ್ದರೆ ಅದರ ಬಿರಡೆ ತೆಗೆದು ನೀರನ್ನು ಹೊರಕ್ಕೆ ಬಿಡಬೇಕು. ಬಳಿಕ ಫಿಲ್ಟರನ್ನು ಎಡಕ್ಕೆ ಮೆಲ್ಲಮೆಲ್ಲನೆ ತಿರುಗಿಸಬೇಕು. ಒಮ್ಮೆಲೇ ತೆಗೆದರೆ ಉಳಿದ ನೀರೆಲ್ಲ ನೆಲದ ಮೇಲೆ. ಫಿಲ್ಟರು ಹೊರಬಂದ ಮೇಲೆ ಟಾರ್ಚು ಹಿಡಿದು ಒಳಗಿನ ಪಂಪಿನ ಚಕ್ರಕ್ಕೆ ಕೂದಲು, ದಾರ ಸುತ್ತಿದೆಯೇ ಎಂದು ನೋಡಿ ಬಿಡಿಸಬೇಕು. ತಿರುಗಿ ಕೂಡಿಸುವಾಗ ಬಿಗಿಯಾಗಿ ಕೂಡಿಸಿ, ಬರಿಯ ನೀರಿನಲ್ಲಿ ಒಮ್ಮೆ ಓಡಿಸಿ, ಸೋರುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ನಾವು ಹಾಗೆಯೇ ಮಾಡಿದೆವು. ಕರಿಯ ಕೆಸರಿನಂತಹ ನೂಲಿನ ಮುದ್ದೆ ಹೊರಬಂದಿತು. ಅದನ್ನು ಬಕೆಟ್ಟಿನಲ್ಲಿ ಬಿಡಿಸಿದಾಗ ಎರಡು ತಲೆಪಿನ್ನು, ಐದು ರೂಪಾಯಿಯ ನಾಣ್ಯ, ಅಂಗಿಯ ಗುಂಡಿ, ಮೊಮ್ಮಗಳ ಒಂದು ಕಾಲುಚೀಲ, ಅದರ ನೂಲಿಗೆ ಸಿಕ್ಕಿಕೊಂಡ ಬಿಳಿಯ ಹರಳು! ಮಿಂದು ಮುಖ ಒರೆಸಿಕೊಂಡಾಗ ಸಡಿಲಾದ ಮೂಗುಬಟ್ಟು ಟವೆಲಿಗೆ ಹತ್ತಿ ಹೋಗಿತ್ತು. ಆ ಟವೆಲನ್ನು ಒಗೆಯಲು ಹಾಕಿದವರು ಮನೆಗೆಲಸದ ತಾಯಿಯಲ್ಲ, ನಾವೇ.

ಒಡವೆ ಸಿಕ್ಕಿತೆಂಬ ಸಂತೋಷ ಅರೆಗಳಿಗೆಯೂ ನಿಲ್ಲಲಿಲ್ಲ. ಅತ್ತೆಯವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕುಳಿತರು. ಆಮೇಲೆ, ‘ಆಟೋ ಕರಸ್ರಿ, ನಾ ಬರ್ತೀನಿ’ ಎಂದರು. ಮೆಟ್ಟಿಲಿಳಿಯುವುದೇ ದುಸ್ತರವಾದ ಅವರು ಕಂದಕದ ಆಚೆಯ ಓಣಿಗೆ ಬಂದು, ಅವಳ ಮನೆಯ ಹೊಸ್ತಿಲ ಮುಂದೆ ನಿಂತು, ‘ತಪ್ಪು ನಮ್ದವ್ವಾ’ ಎಂದರು. ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಕೂಡಲು ಚಾಪೆ ಹಾಸಿದಳು, ನೀರು ಕೊಟ್ಟಳು. ‘ಮೂರು ಸಲ ಕೇಳಿದ್ರಿ ಅಮ್ಮಾರ. ಒಮ್ಮೆ ಕೇಳಿದ್ರ ಸಾಕಿತ್ತು’ ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಅಮಾವಾಸ್ಯೆ ಕಳೆದ ಮೇಲೆ ಅವಳು ಕೆಲಸಕ್ಕೆ ಬಂದಳು. ಆದರೆ ಮೊದಲಿಲ್ಲದ ಒಂದು ಪದ್ಧತಿಯನ್ನು ತಂದಳು. ಯಂತ್ರಕ್ಕೆ ಬಟ್ಟೆ ಹಾಕುವ ಮುನ್ನ ನಮ್ಮನ್ನು ಕರೆದು, ನಮ್ಮೆದುರಿಗೇ ಪ್ರತಿಯೊಂದು ಜೇಬು ತಿರುವಿ, ಸಿಕ್ಕಿದ್ದನ್ನು ಸ್ಟೀಲಿನ ತಟ್ಟೆಯಲ್ಲಿಟ್ಟು ತೋರಿಸುವಳು. ಯಂತ್ರಕ್ಕೆ ಇದು ಒಳ್ಳೆಯದೇ. ಆದರೆ ಆ ತಟ್ಟೆಯ ಸದ್ದು ಕೇಳಿದಾಗಲೆಲ್ಲ ನಮ್ಮ ಎದೆ ಕುಗ್ಗುತ್ತದೆ. ‘ನೀನೊಬ್ಬಳೇ ನೋಡಿ ಹಾಕವ್ವಾ’ ಎಂದು ಎಷ್ಟು ಹೇಳಿದರೂ ನಕ್ಕು ಸುಮ್ಮನಾಗುತ್ತಾಳೆ. ಈಚೆಗೆ ನಾವೇ ಮೊದಲು ಜೇಬು ತಿರುವಿ ಬಟ್ಟೆಯನ್ನು ಅವಳಿಗೆ ಕೊಡತೊಡಗಿದ್ದೇವೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವರು ಬಟ್ಟೆ ಒಗೆಯುವುದನ್ನೇ ಕಾಯಕವಾಗಿ ಕೈಕೊಂಡು ಶರಣರ ನಡುವೆ ತಲೆಯೆತ್ತಿ ನಿಂತವರು. ಅಂಥ ಪರಂಪರೆಯ ನೆರಳಿನಲ್ಲಿ ಬೆಳೆದೂ, ನಮ್ಮ ಮನೆಯ ಬಟ್ಟೆಗೆ ಕೈ ಹಚ್ಚಿದವಳನ್ನೇ ನಾವು ಮೊದಲು ಶಂಕಿಸಿದೆವು.

ಇನ್ನು ಕೆಲವು ಅನುಭವದ ಮಾತುಗಳು. ತಿಂಗಳಿಗೊಮ್ಮೆ ಫಿಲ್ಟರು ತೆರೆದು ತೊಳೆಯುವುದು ಲೇಸು. ನಾವು ಅಮಾವಾಸ್ಯೆಯ ದಿನ ಮಾಡುತ್ತೇವೆ, ಮರೆಯುವುದಿಲ್ಲ. ಚಿಕ್ಕ ಬಟ್ಟೆಗಳನ್ನು ಜಾಲರಿಯ ಚೀಲದಲ್ಲಿ ಕಟ್ಟಿ ಹಾಕಬೇಕು. ಒಗೆದಾದ ಮೇಲೆ ರಬ್ಬರಿನ ಮಡಿಕೆಯೊಳಗೆ ಬೆರಳಾಡಿಸಿ ಒರೆಸಬೇಕು. ನೀರು ತುಂಬುವುದೇ ನಿಧಾನವಾದರೆ, ನಲ್ಲಿ ಕಟ್ಟಿ, ಯಂತ್ರದ ಹಿಂದಿನ ಕೊಳವೆ ಬಿಚ್ಚಿ, ಅದರ ಬಾಯಲ್ಲಿರುವ ಸಣ್ಣ ಜಾಲರಿಯಲ್ಲಿ ಕೂತ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬೇಕು. ನೀರು ಹೊರಹೋಗುವ ಕೊಳವೆ ಗೋಡೆಗೆ ಒತ್ತಿ ಮಡಚಿಕೊಂಡಿದ್ದರೂ ನೀರು ನಿಲ್ಲುತ್ತದೆ. ಎರಡು ತೊಟ್ಟಿಗಳ ಯಂತ್ರವಿದ್ದವರು, ಹಿಂಡುವ ತೊಟ್ಟಿ ಪೂರ್ತಿ ನಿಲ್ಲುವ ಮೊದಲು ಎಂದಿಗೂ ಕೈ ಹಾಕಬಾರದು.

ನಮ್ಮ ಮನೆಯ ಕೊಳವೆಬಾವಿಯ ನೀರು ಗಡಸು. ಆದ್ದರಿಂದ ಒಳಗೆ ಸುಣ್ಣದ ಪೊರೆ ಕಟ್ಟುತ್ತದೆ. ಅದಕ್ಕೆ ಪೇಟೆಯಲ್ಲಿ ಸಿಗುವ ಪುಡಿ ಹಾಕಿ, ಬಟ್ಟೆಯಿಲ್ಲದೆ ಯಂತ್ರವನ್ನು ಓಡಿಸಬೇಕು. ಅಂಥ ಪುಡಿಗಳಲ್ಲಿ ಸಾಮಾನ್ಯವಾಗಿ ಹುಳಿಯ ಅಂಶವಿರುವುದರಿಂದ ಆ ನೀರು ಶಹಾಬಾದ್ ಕಲ್ಲಿನ ನೆಲದ ಮೇಲೆ ಚೆಲ್ಲದಂತೆ ನೋಡಿಕೊಳ್ಳಿರಿ. ಅದು ಸುಣ್ಣಕಲ್ಲು, ಹುಳಿ ತಗಲಿದರೆ ಹೊಳಪು ಕಳೆದುಕೊಳ್ಳುತ್ತದೆ. ಎಷ್ಟು ಮಾಡಿದರೂ ತೊಟ್ಟಿಯೊಳಗೆ ಖಣಖಣ ಸದ್ದು ನಿಲ್ಲದಿದ್ದರೆ ಹಿಂಬದಿಯನ್ನು ಬಿಚ್ಚುವ ಸಾಹಸಕ್ಕೆ ಹೋಗದೆ ಬಲ್ಲವರನ್ನು ಕರೆಸಬೇಕು.

ಅತ್ತೆಯವರು ಆ ಮೂಗುಬಟ್ಟನ್ನು ಮತ್ತೆ ತೊಟ್ಟಿದ್ದಾರೆ. ತಿರುಪನ್ನು ಅಕ್ಕಸಾಲಿಗರಲ್ಲಿ ಬಿಗಿ ಮಾಡಿಸಿದ್ದಾಯಿತು. ಮನೆಯಲ್ಲಿ ಏನಾದರೂ ಕಾಣೆಯಾದರೆ ಈಗ ಅವರು ಹೇಳುವ ಮಾತು ಒಂದೇ: ‘ಮೊದಲ ಮಷೀನಿನ ಬುಡ ನೋಡ್ರಿ.’