ಬಾಟಲಿಯ ಮೇಲೊಂದು ಊರು

ಫ್ರಾನ್ಸಿನಲ್ಲಿ ಓದುತ್ತಿರುವ ನನ್ನ ತಮ್ಮನ ಮಗ ಬೇಸಿಗೆ ರಜೆಗೆ ಬಳ್ಳಾರಿಗೆ ಬಂದಾಗ ಒಂದು ಬಾಟಲಿ ಕೆಂಪು ವೈನ್ ತಂದ. ಮನೆಯವರೆಲ್ಲ ಹುಬ್ಬೇರಿಸಿದರು. “ಭಾಳ ತುಟ್ಟಿದೇನಲ್ಲ ದೊಡ್ಡಪ್ಪಾ, ಅಲ್ಲಿ ಒಂದು ಹೋಟೆಲ್ ಊಟಕ್ಕಿಂತ ಅಗ್ಗ” ಎಂದ. ಎರಡು ಗುಟುಕು ಕುಡಿದೆ. ಮೊದಲು ಹಣ್ಣಿನ ಹುಳಿ, ಹಿಂದೆಯೇ ನೇರಳೆಯ ಒಗರು, ಕೊನೆಗೆ ಕಾಳುಮೆಣಸು ಕಚ್ಚಿದಂಥ ಸಣ್ಣ ಖಾರ. ಚೆನ್ನಾಗಿಯೇ ಇತ್ತು. ಆದರೆ ಹೆಚ್ಚು ಹೊತ್ತು ನನ್ನನ್ನು ಹಿಡಿದು ಕೂರಿಸಿದ್ದು ಬಾಟಲಿಗೆ ಅಂಟಿಸಿದ್ದ ಚೀಟಿ.

ಅದರ ಮೇಲೆ ದ್ರಾಕ್ಷಿಯ ಹೆಸರಿರಲಿಲ್ಲ. ‘ಕೋತ್ ದ್ಯು ರೋನ್’ ಎಂದು ಸೀಮೆಯ ಹೆಸರಿತ್ತು. ರೋನ್ ನದಿಯ ಇಳಿಜಾರು ಎಂದರ್ಥ. ಫ್ರಾನ್ಸಿನಲ್ಲಿ 1935ರಿಂದ ಇದಕ್ಕೆ ಕಾನೂನಿದೆ. ಸೀಮೆಯ ಹೆಸರು ಹಾಕಬೇಕಾದರೆ ದ್ರಾಕ್ಷಿ ಅಲ್ಲಿಯದೇ ಆಗಿರಬೇಕು. ಯಾವ ತಳಿ, ಹೆಕ್ಟೇರಿಗೆ ಎಷ್ಟು ಇಳುವರಿ ಎಂಬುದಕ್ಕೂ ಮಿತಿಯಿದೆ. ರೋನ್ ಸೀಮೆಯಲ್ಲಿ ಮೆಟ್ಟಿಲುಗಳಿವೆ: ಕೆಳಗೆ ಇಡೀ ಸೀಮೆಯ ಹೆಸರು, ಅದರ ಮೇಲೆ ‘ವಿಲಾಜ್’ ಎಂದು ಸೇರಿಸಿಕೊಂಡ ಹಳ್ಳಿಗಳು, ತುದಿಯಲ್ಲಿ ಸ್ವಂತ ಹೆಸರಿನಿಂದಲೇ ಮಾರಾಟವಾಗುವ ಊರುಗಳು. ಮೇಲೇರಿದಂತೆ ನಿಯಮ ಬಿಗಿ, ಬೆಲೆಯೂ ಬಿಗಿ. ಝಿಗೊಂದಾಸ್ ಎಂಬ ಹಳ್ಳಿ 1971ರಲ್ಲಿ ನಡುವಿನ ಮೆಟ್ಟಿಲಿನಿಂದ ತುದಿಗೇರಿತು.

ಬೋರ್ಡೋ ಸೀಮೆಯ ಕಥೆ ಬೇರೆ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಅಲ್ಲಿನ ದಲ್ಲಾಳಿಗಳು ಪೇಟೆ ಬೆಲೆ ನೋಡಿ ಕೆಂಪು ವೈನಿನ ತೋಟಗಳನ್ನು ಐದು ದರ್ಜೆಗಳಲ್ಲಿ ಕೂರಿಸಿದರು. ಆ ಪಟ್ಟಿಯಲ್ಲಿ ಅಂದಿನಿಂದ ದರ್ಜೆ ಏರಿದ್ದು ಒಂದೇ ತೋಟ: ಮೂತೋನ್ ರೋಥ್‌ಶಿಲ್ಡ್, 1973ರಲ್ಲಿ.

ಒಂದು ಪರೀಕ್ಷೆಯ ಅಂಕವನ್ನೇ ಮಕ್ಕಳ ಬಾಳಿನ ದರ್ಜೆ ಎಂದುಕೊಳ್ಳುವ ತಂದೆತಾಯಂದಿರು ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಚೀಟಿ ಹುಟ್ಟಿದ ಊರನ್ನೂ ಪಾಲಿಸಿದ ನಿಯಮವನ್ನೂ ಹೇಳುತ್ತದೆ. ರುಚಿಯನ್ನು ನಾಲಿಗೆಯೇ ಹೇಳಬೇಕು. ಕೆಳಗಿನ ಮೆಟ್ಟಿಲಿನಲ್ಲೂ ಶ್ರದ್ಧೆಯ ಬೆಳೆಗಾರನಿದ್ದರೆ ಕಡಿಮೆ ದುಡ್ಡಿಗೆ ಒಳ್ಳೆಯ ಮಾಲು ಸಿಗುತ್ತದೆ.

ನನ್ನನ್ನು ಕಾಡಿದ್ದು ಇನ್ನೊಂದು ಮಾತು. ಸಿರುಗುಪ್ಪ, ಕುರುಗೋಡು ಕಡೆಯ ಗದ್ದೆಗಳಲ್ಲಿ ತುಂಗಭದ್ರೆಯ ನೀರುಂಡು ಬೆಳೆದ ಸೋನಾ ಮಸೂರಿಯನ್ನು ನಾವು ದಿನವೂ ಉಣ್ಣುತ್ತೇವೆ. ಕಾಳು ಕಚ್ಚಿ ನೋಡಿ ಹೊಸ ಅಕ್ಕಿಯೋ ಹಳೆಯದೋ ಎಂದು ಹೇಳಬಲ್ಲವರು ನಮ್ಮಲ್ಲೂ ಇದ್ದಾರೆ. ಆದರೆ ನಮ್ಮ ಮನೆಯ ಅಕ್ಕಿಚೀಲದ ಮೇಲೆ ಬ್ರ್ಯಾಂಡಿನ ಹೆಸರಿದೆ, ಹುಲಿಯ ಚಿತ್ರವಿದೆ. ಬೆಳೆದ ಊರಿನ ಹೆಸರಿಲ್ಲ. ಊರಿಗೆ ಹೆಸರು ಬಾರದಿದ್ದರೆ ಬೆಳೆದವನಿಗೆ ಬೆಲೆ ಬರುವುದೆಲ್ಲಿಂದ?

ದಾರಿ ಇಲ್ಲದೆ ಇಲ್ಲ. ನಮ್ಮಲ್ಲೂ 1999ರಲ್ಲಿ ಭೌಗೋಳಿಕ ಸೂಚಕಗಳ ಕಾಯ್ದೆಯಾಯಿತು. ಬ್ಯಾಡಗಿ ಮೆಣಸಿನಕಾಯಿ 2011ರಲ್ಲಿ ತನ್ನ ಹೆಸರನ್ನು ಭದ್ರಮಾಡಿಕೊಂಡಿತು. ಕೃಷಿಯನ್ನೋ ಕಾನೂನನ್ನೋ ಓದುತ್ತಿರುವ ನಮ್ಮ ಮಕ್ಕಳು ಮನಸ್ಸು ಮಾಡಿದರೆ, ಅನ್ನದ ಚೀಲದ ಮೇಲೂ ಒಂದು ಊರು ಕಾಣಿಸೀತು.